ಬಾಗಿಲು ಕಾಯುವವನಿಗೆ ನೆನಪು ಬೇಕೆ?

ಜಗಳೂರು ತಾಲ್ಲೂಕಿನ ಸೊಕ್ಕೆಯು ಒಂದು ಹೋಬಳಿಯ ಮುಖ್ಯ ಗ್ರಾಮ. 1997ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾಗುವವರೆಗೂ ಈ ಸೀಮೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮಳೆಯನ್ನೇ ನಂಬಿದ ಬೇಸಾಯ ಇಲ್ಲಿಯದು. ಇಂಥ ಕಡೆ ಹೊಲದ ಪಹಣಿಯೆಂಬುದು ಸಾಮಾನ್ಯ ಕಾಗದವಲ್ಲ. ಬ್ಯಾಂಕಿನ ಸಾಲ, ಬೆಳೆವಿಮೆ, ಬರಪರಿಹಾರ, ಎಲ್ಲಕ್ಕೂ ಅದೇ ಆಧಾರ. ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳನ್ನು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯು ಕಂಪ್ಯೂಟರಿಗೆ ಏರಿಸಿತು. 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಹೀಗೆ ಯಂತ್ರದ ವಶಕ್ಕೆ ಬಂದವು. ಇಂದು ಸೊಕ್ಕೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯ ಹೊಲದ ಪಹಣಿಯನ್ನು ನೋಡಬೇಕಾದರೆ ಕೈಯಲ್ಲಿರುವ ಫೋನಿನಲ್ಲಿ ಸರ್ವೆ ನಂಬರನ್ನು ಬರೆದರೆ ಸಾಕು.

ಆತನ ಕೋರಿಕೆ ಬೆಂಗಳೂರಿಗೆ ಹೋಗಿ, ಉತ್ತರ ಹಿಂದಿರುಗುತ್ತದೆ. ಹಾದಿ 250 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುವುದರಿಂದ ಒಂದು ಕಡೆಯ ಪಯಣಕ್ಕೆ 1.25 ಮಿಲಿಸೆಕೆಂಡು ಸಾಕು. ಕೋರಿಕೆ ಒಳಗೆ ಬರುವಾಗ ಬಾಗಿಲಲ್ಲಿ ಕಾವಲುಂಟು. ಅದನ್ನು ಎಲ್ಲರೂ ಬಲ್ಲರು. ಆದರೆ ಉತ್ತರ ಹೊರಗೆ ಹೋಗುವಾಗ ಅದನ್ನು ಬಿಡತಕ್ಕವನಾರು? ಅದು ನಿಜವಾಗಿಯೂ ಉತ್ತರವೇ ಹೊರತು ಕಳವಿನ ಮಾಲಲ್ಲವೆಂದು ಅವನಿಗೆ ತಿಳಿಯುವ ಬಗೆ ಹೇಗೆ? ಈ ಲೇಖನದ ವಿಷಯ ಅಷ್ಟೆ. ಆದರೆ ಅದರ ಒಳಹೊಕ್ಕರೆ ಬಹಳ ಸ್ವಾರಸ್ಯವಿದೆ.

ಮೊದಲು ಯಂತ್ರದ ವಿಚಾರ. ದತ್ತಾಂಶ ಕೇಂದ್ರಗಳಲ್ಲಿ ಈಗ ಒಂದು ಕೆಲಸಕ್ಕೆ ಒಂದು ಕಂಪ್ಯೂಟರೆಂಬ ಲೆಕ್ಕವಿಲ್ಲ. ಒಂದೇ ದೊಡ್ಡ ಯಂತ್ರದೊಳಗೆ ಹತ್ತಾರು ವರ್ಚುವಲ್ ಯಂತ್ರಗಳು ನಡೆಯುತ್ತವೆ. ದರ್ಪಣದಲ್ಲಿ ಕಾಣುವ ಮಿಥ್ಯಾಬಿಂಬವನ್ನು ಬಲ್ಲ ವಿದ್ಯಾರ್ಥಿಗಳಿಗೆ ‘ವರ್ಚುವಲ್’ ಎಂಬ ಶಬ್ದ ಹೊಸದಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಮಿಥ್ಯಾಬಿಂಬವನ್ನು ಪರದೆಯ ಮೇಲೆ ಹಿಡಿಯಲಾಗದು. ವರ್ಚುವಲ್ ಯಂತ್ರವಾದರೋ ನಿಜವಾದ ಲೆಕ್ಕವನ್ನೇ ಮಾಡುತ್ತದೆ. ಅದರ ಪ್ರೊಸೆಸರು, ಡಿಸ್ಕು, ನೆಟ್‌ವರ್ಕ್ ಕಾರ್ಡು ಮಾತ್ರ ಆತಿಥೇಯ ಯಂತ್ರದ ತಂತ್ರಾಂಶ ಒದಗಿಸಿದವು. ಈ ಉಪಾಯ ಹಳೆಯದು: ಐಬಿಎಂ ಸಂಸ್ಥೆ 1972ರಲ್ಲಿಯೇ ‘ವಿಎಂ/370’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಲಿನಕ್ಸಿನ ತಿರುಳಿಗೆ ಕೆವಿಎಂ ಎಂಬ ಅಂಗ ಸೇರಿದ್ದು 2007ರಲ್ಲಿ. ಅಂಥ ಅತಿಥಿ ಯಂತ್ರಗಳನ್ನು ಹುಟ್ಟಿಸಿ, ನಡೆಸಿ, ಕಾಯುವ ಸಲಕರಣೆಗಳಲ್ಲಿ ‘ಲಿಬ್‌ವರ್ಟ್’ ಎಂಬುದು ಬಹಳ ಬಳಕೆಯಲ್ಲಿದೆ. ಅದಕ್ಕೆ 2010ರಲ್ಲಿ ನೆಟ್‌ವರ್ಕ್ ಜರಡಿಯೊಂದು ಸೇರಿತು. ಪ್ರತಿಯೊಂದು ಅತಿಥಿ ಯಂತ್ರದ ಬಾಗಿಲಿಗೂ ಬೇರೆ ಬೇರೆ ನಿಯಮಗಳನ್ನು ಬರೆಯಲು ಅದರಿಂದ ಸಾಧ್ಯವಾಯಿತು.

ಪ್ರತಿ ಬಾಗಿಲಿಗೂ ಕಾವಲು ಏಕೆ ಬೇಕು? ಕಂಪ್ಯೂಟರುಗಳು ಬೇರೆ ಬೇರೆ ಇದ್ದಾಗ ಇಡೀ ಕೊಠಡಿಗೆ ಒಂದೇ ಕೋಟೆಗೋಡೆ ಸಾಕೆನಿಸುತ್ತಿತ್ತು. ಈಗ ಒಂದೇ ಪೆಟ್ಟಿಗೆಯಲ್ಲಿ ಪಹಣಿಯ ಯಂತ್ರ, ಅದರ ಪಕ್ಕದಲ್ಲಿ ಇನ್ನಾವುದೋ ಕಚೇರಿಯ ಯಂತ್ರ ಇರಬಹುದು. ಇವೆರಡರ ನಡುವಿನ ಮಾತುಕತೆ ತಂತಿಯ ಮೇಲೆ ಹೊರಗೆ ಬರುವುದೇ ಇಲ್ಲ. ಹೊರಗೋಡೆಯ ಕಾವಲುಗಾರನ ಕಣ್ಣಿಗೆ ಬೀಳುವುದೂ ಇಲ್ಲ. ಚಿತ್ರದುರ್ಗದ ಕೋಟೆಗೆ ಏಳು ಸುತ್ತುಗಳಿದ್ದರೂ ಒಳಗಿನವನೇ ಕಳ್ಳನಾದರೆ ಸುತ್ತುಗಳಿಂದೇನು ಪ್ರಯೋಜನ? ಆದುದರಿಂದ ಮನೆಮನೆಗೂ ಕಾವಲು.

ಈ ಕಾವಲಿಗೆ ಫೈರ್‌ವಾಲ್ ಎಂದು ಹೆಸರು. ಸಾಲುಮನೆಗಳ ನಡುವೆ, ಒಂದಕ್ಕೆ ಹತ್ತಿದ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ, ಕಟ್ಟುತ್ತಿದ್ದ ದಪ್ಪ ಗೋಡೆಯ ಹೆಸರದು. ನೆಟ್‌ವರ್ಕಿನಲ್ಲಿ ಸುದ್ದಿಯು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಸಾಗುತ್ತದೆಯಷ್ಟೆ. ಪ್ರತಿ ಪೊಟ್ಟಣದ ಮೇಲೆ ಕಳುಹಿಸಿದವನ ವಿಳಾಸ, ಪಡೆಯುವವನ ವಿಳಾಸ, ಇವೆರಡರ ಜೊತೆಗೆ ಎರಡು ಪೋರ್ಟ್ ಸಂಖ್ಯೆಗಳು ಇರುತ್ತವೆ. ವಿಳಾಸವು ಮನೆಯನ್ನು ತಿಳಿಸಿದರೆ ಪೋರ್ಟು ಆ ಮನೆಯ ಬಾಗಿಲನ್ನು ತಿಳಿಸುತ್ತದೆ. ಬಾಗಿಲುಗಳ ಸಂಖ್ಯೆ 0 ರಿಂದ 65,535ರ ವರೆಗೆ. ಗೂಢಲಿಪಿಯಲ್ಲಿ ಜಾಲಪುಟಗಳನ್ನು ಕೊಡುವ ಬಾಗಿಲು 443. ದೂರದಿಂದ ಯಂತ್ರವನ್ನು ಆಳುವ ಬಾಗಿಲು 22. ಕೇಳುವವನ ಕಡೆಯ ಬಾಗಿಲಾದರೋ ಆ ಹೊತ್ತಿಗೆ ಸಿಕ್ಕಿದ ಯಾವುದೋ ದೊಡ್ಡ ಸಂಖ್ಯೆ, 51,724 ಎನ್ನೋಣ.

ನಮ್ಮ ಉದಾಹರಣೆಗಾಗಿ ಪಹಣಿಗಳನ್ನು ಕೊಡುವ ಅತಿಥಿ ಯಂತ್ರವೊಂದನ್ನು ಕಲ್ಪಿಸಿಕೊಳ್ಳಿರಿ. ಅದರ ಬಾಗಿಲಿಗೆ ಒಂದೇ ನಿಯಮ: ‘443ಕ್ಕೆ ಬರುವವರನ್ನು ಬಿಡು; ಉಳಿದುದೆಲ್ಲವನ್ನೂ ತಡೆ.’ ಸೊಕ್ಕೆಯ ಕೋರಿಕೆ ಒಳಕ್ಕೆ ಬಂದಿತು. ಉತ್ತರವು ಸಿದ್ಧವಾಗಿ ಹೊರಟಿತು. ಅದರ ಮೇಲೆ ‘443 ರಿಂದ, 51,724ಕ್ಕೆ’ ಎಂದು ಬರೆದಿದೆ. ಕಾವಲುಗಾರನ ಬಳಿ ಇದಕ್ಕೆ ನಿಯಮವಿಲ್ಲ, ಆದುದರಿಂದ ತಡೆದುಬಿಟ್ಟನು. ಅವನದೇನೂ ತಪ್ಪಿಲ್ಲ. ಹಿಂದೆ ಬಂದ ಕೋರಿಕೆಯನ್ನು ಅವನು ನೆನಪಿನಲ್ಲಿಟ್ಟಿಲ್ಲ. ಪ್ರತಿಯೊಂದು ಪೊಟ್ಟಣವೂ ಅವನಿಗೆ ಅದೇ ಮೊದಲು ಕಂಡದ್ದು.

ಇದಕ್ಕೆ ಹಳೆಯ ಪರಿಹಾರವೆಂದರೆ ಎರಡನೆಯ ನಿಯಮವೊಂದನ್ನು ಬರೆಯುವುದು: ‘443 ರಿಂದ ಹೊರಡುವುದೆಲ್ಲವನ್ನೂ ಬಿಡು.’ ಕೆಲಸವೇನೋ ನಡೆಯುತ್ತದೆ. ಆದರೆ ಯಾವನೋ ದುಷ್ಟನು ಹೇಗೋ ಆ ಯಂತ್ರದೊಳಗೆ ಸೇರಿ ಯಜಮಾನಿಕೆಯನ್ನು ಪಡೆದನೆಂದು ಭಾವಿಸಿರಿ. ಅವನು ತನ್ನ ಪೊಟ್ಟಣಗಳನ್ನು 443ನೆಯ ಬಾಗಿಲಿನಿಂದಲೇ ಹೊರಡಿಸಿದರೆ ಲೋಕದ ಯಾವ ಯಂತ್ರದೊಡನೆಯಾದರೂ ತಾನಾಗಿಯೇ ಮಾತು ಆರಂಭಿಸಬಹುದು. ಉತ್ತರವೆಂಬ ವೇಷದಲ್ಲಿ ಪ್ರಶ್ನೆ ಹೊರಗೆ ಹೋಯಿತು.

ಇದರ ವಿಪರ್ಯಾಯ ಇನ್ನೂ ಕೆಟ್ಟದ್ದು. ನಮ್ಮ ಯಂತ್ರವೂ ಆಗಾಗ ತನ್ನ ತಂತ್ರಾಂಶದ ತಿದ್ದುಪಡಿಗಳನ್ನು ತರಲು ಹೊರಗಿನ ಯಂತ್ರಗಳ 443ನೆಯ ಬಾಗಿಲಿಗೆ ಹೋಗಬೇಕಾಗುತ್ತದೆ. ಅಲ್ಲಿಂದ ಬರುವ ಉತ್ತರಗಳನ್ನು ಒಳಗೆ ಬಿಡಲು, ನೆನಪಿಲ್ಲದ ಕಾವಲುಗಾರನಿಗೆ ‘443 ರಿಂದ ಹೊರಟು ಬಂದದ್ದನ್ನೆಲ್ಲ ಯಾವ ಬಾಗಿಲಿಗಾದರೂ ಬಿಡು’ ಎನ್ನಬೇಕು. ಇಲ್ಲಿಯೇ ಮೋಸ. ಹೊರಟ ಪೋರ್ಟಿನ ಸಂಖ್ಯೆಯನ್ನು ಬರೆಯುವವನು ಕಳುಹಿಸುವವನೇ. ಅಂಚೆಯ ಲಕೋಟೆಯ ಮೇಲೆ ‘ಇಂದ’ ಎಂಬಲ್ಲಿ ಯಾರು ಏನನ್ನಾದರೂ ಬರೆಯಬಹುದು. ಅಂಚೆಯವನು ಅದನ್ನು ಪರೀಕ್ಷಿಸುವುದಿಲ್ಲ. ಹೊರಗಿನ ಕಳ್ಳನು ‘443 ರಿಂದ’ ಎಂದು ಬರೆದು ನೇರವಾಗಿ 22ನೆಯ ಬಾಗಿಲನ್ನು ಬಡಿಯುತ್ತಾನೆ. ಸೊಕ್ಕೆಯ ರೈತನ ಹೊಲದ ಹಕ್ಕು ಯಾರ ಹೆಸರಿನಲ್ಲಿದೆಯೆಂಬುದನ್ನು ಹೇಳುವ ಯಂತ್ರಕ್ಕೆ ಇಂಥ ಕಾವಲು ಸಾಲದು.

ನಡುವೆ ಒಂದು ಅರೆಬರೆ ಉಪಾಯವನ್ನೂ ಮಾಡಿದ್ದುಂಟು. ಟಿಸಿಪಿ ಎಂಬ ಸಂವಾದಕ್ರಮದಲ್ಲಿ ಮಾತು ಮೂರು ಪೊಟ್ಟಣಗಳಿಂದ ಆರಂಭವಾಗುತ್ತದೆ. ಮೊದಲನೆಯದರಲ್ಲಿ ‘ಸಿನ್’ ಎಂಬ ಗುರುತು ಮಾತ್ರ ಇರುತ್ತದೆ, ಎರಡನೆಯದರಲ್ಲಿ ‘ಸಿನ್’, ‘ಆ್ಯಕ್’ ಎರಡೂ, ಮೂರನೆಯದರಲ್ಲಿ ‘ಆ್ಯಕ್’. ಮೊದಲ ಪೊಟ್ಟಣವೊಂದನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ‘ಆ್ಯಕ್’ ಇರುವುದರಿಂದ, ಆ ಗುರುತಿದ್ದರೆ ಅದು ಉತ್ತರವೆಂದು ತಿಳಿಯಬಹುದಲ್ಲವೆ? ತಿಳಿಯಬಹುದು, ಆದರೆ ಆ ಗುರುತನ್ನೂ ಬರೆಯುವವನು ಕಳುಹಿಸುವವನೇ! ಅಂಥ ಸುಳ್ಳು ಪೊಟ್ಟಣದಿಂದ ಹೊಸ ಮಾತು ಆರಂಭವಾಗದಿದ್ದರೂ, ಒಳಗೆ ಯಾವ ಯಂತ್ರಗಳಿವೆಯೆಂದು ತಡಕಿ ನೋಡಲು ಸಾಕು. ಯುಡಿಪಿ ಎಂಬ ಇನ್ನೊಂದು ಕ್ರಮದಲ್ಲಿಯಾದರೋ ಗುರುತುಗಳೇ ಇಲ್ಲ.

ನೆನಪುಳ್ಳ ಕಾವಲುಗಾರನು ಬೇಕಾದದ್ದು ಹೀಗೆ. ಮಾರುಕಟ್ಟೆಯಲ್ಲಿ ಇಂಥದು ಹೆಸರಾದದ್ದು ಇಸ್ರೇಲಿನ ಚೆಕ್ ಪಾಯಿಂಟ್ ಸಂಸ್ಥೆ 1994ರಲ್ಲಿ ತಂದ ‘ಫೈರ್‌ವಾಲ್-1’ರಿಂದ. ಲಿನಕ್ಸಿಗೆ ಈ ನೆನಪು ಬಂದದ್ದು 2001ರ ಜನವರಿಯಲ್ಲಿ ಹೊರಬಂದ 2.4ನೆಯ ಆವೃತ್ತಿಯ ‘ನೆಟ್‌ಫಿಲ್ಟರ್’ ವ್ಯವಸ್ಥೆಯ ಮೂಲಕ. ನಮ್ಮ ತಾಲ್ಲೂಕು ಕಚೇರಿಗಳಿಗೆ ‘ಭೂಮಿ’ ಹಬ್ಬುತ್ತಿದ್ದ ಕಾಲವೂ ಅದೇ.

ಈ ಕಾವಲುಗಾರನ ಬಳಿ ಒಂದು ಖಾತೆಪುಸ್ತಕವಿದೆ. ಹೊಸ ಪೊಟ್ಟಣವೊಂದನ್ನು ಬಿಟ್ಟ ಕೂಡಲೆ ಅವನು ಐದು ಸಂಗತಿಗಳನ್ನು ಬರೆದುಕೊಳ್ಳುತ್ತಾನೆ: ಎರಡು ವಿಳಾಸ, ಎರಡು ಪೋರ್ಟು, ಮತ್ತು ಸಂವಾದಕ್ರಮ. ಜೊತೆಗೆ ಉತ್ತರವು ಬಂದರೆ ಹೇಗಿರಬೇಕೆಂಬುದನ್ನೂ, ಅಂದರೆ ಅವೇ ವಿಳಾಸ ಪೋರ್ಟುಗಳನ್ನು ತಿರುಗುಮುರುಗು ಮಾಡಿ, ಬರೆದಿಡುತ್ತಾನೆ. ಆಮೇಲೆ ಬರುವ ಪ್ರತಿ ಪೊಟ್ಟಣಕ್ಕೂ ಒಂದು ಸ್ಥಿತಿಯನ್ನು ಹೇಳುತ್ತಾನೆ. ಖಾತೆಯಲ್ಲಿಲ್ಲದೆ ಮಾತನ್ನು ಆರಂಭಿಸುವುದು ‘ಹೊಸತು’. ಎರಡು ಕಡೆಯಿಂದಲೂ ಮಾತು ನಡೆದಿದ್ದರೆ ‘ಸ್ಥಾಪಿತ’. ಇರುವ ಮಾತಿನಿಂದಲೇ ಹುಟ್ಟಿದ ಬೇರೊಂದಾದರೆ ‘ಸಂಬಂಧಿತ’. ಯಾವುದಕ್ಕೂ ಹೊಂದದಿದ್ದರೆ ‘ಅಸಾಧು’. ಯುಡಿಪಿಯಲ್ಲಿ ಗುರುತುಗಳಿಲ್ಲವೆಂದೆವಷ್ಟೆ, ಅಲ್ಲಿಯೂ ಮೊದಲ ಉತ್ತರ ಹಿಂದಿರುಗಿದೊಡನೆ ಖಾತೆಯಲ್ಲಿ ಅದು ‘ಸ್ಥಾಪಿತ’ವಾಗುತ್ತದೆ. ಪೊಟ್ಟಣದ ಮೇಲಿನ ಬರಹಕ್ಕಿಂತ ಕಾವಲುಗಾರನು ತಾನೇ ಕಂಡದ್ದಕ್ಕೆ ಇಲ್ಲಿ ಬೆಲೆ ಹೆಚ್ಚು.

ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಕಬ್ಬಿಣದ ಕಾಂತೀಯತೆಯನ್ನು ನೆನೆಯಬಹುದು. ಒಂದೇ ಕಾಂತಕ್ಷೇತ್ರದಲ್ಲಿಟ್ಟ ಒಂದೇ ಕಬ್ಬಿಣದ ತುಂಡು ಎಷ್ಟು ಕಾಂತವಾಗಿರುವುದೆಂದು ಕ್ಷೇತ್ರವನ್ನು ಮಾತ್ರ ನೋಡಿ ಹೇಳಲಾಗದು; ಅದು ಹಿಂದೆ ಯಾವ ದಾರಿಯಲ್ಲಿ ಬಂದಿತೆಂಬುದೂ ತಿಳಿಯಬೇಕು. 1880ರ ದಶಕದಲ್ಲಿ ಯೂಯಿಂಗ್ ಇದಕ್ಕೆ ‘ಹಿಸ್ಟೆರಿಸಿಸ್’ ಎಂದು ಹೆಸರಿಟ್ಟನು. ನೆನಪುಳ್ಳ ಫೈರ್‌ವಾಲಿನದೂ ಅದೇ ಗುಣ. ಒಂದೇ ಬಗೆಯ ಎರಡು ಪೊಟ್ಟಣಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ತಡೆದರೆ ಆಶ್ಚರ್ಯವಿಲ್ಲ. ಅವುಗಳ ಚರಿತ್ರೆ ಬೇರೆ.

ಈಗ ಲಿಬ್‌ವರ್ಟಿನ ನಿಯಮಕ್ಕೆ ಬರೋಣ. ಅಲ್ಲಿ ಪ್ರತಿ ನಿಯಮಕ್ಕೂ ಬಿಡು, ತಡೆ ಮುಂತಾದ ಒಂದು ಕ್ರಿಯೆ ಇರುತ್ತದೆ. ಒಂದು ದಿಕ್ಕಿರುತ್ತದೆ: ಒಳಕ್ಕೆ, ಹೊರಕ್ಕೆ, ಅಥವಾ ಎರಡೂ. ಒಳಕ್ಕೆ ಎಂದರೆ ಅತಿಥಿ ಯಂತ್ರದ ಕಡೆಗೆ. ಇವುಗಳ ಜೊತೆ ‘ಸ್ಟೇಟ್‌ಮ್ಯಾಚ್’ ಎಂಬ ಒಂದು ಲಕ್ಷಣವಿದೆ. ಏನನ್ನೂ ಬರೆಯದಿದ್ದರೆ ಅದು ‘ನಿಜ’ ಎಂದೇ ಅರ್ಥ: ಖಾತೆಯನ್ನು ನೋಡಿ ಸ್ಥಿತಿಯನ್ನು ಹೋಲಿಸಬೇಕು. ‘443ಕ್ಕೆ ಒಳಗೆ ಬಿಡು’ ಎಂದು ಒಂದೇ ಸಾಲು ಬರೆದರೆ ಸಾಕು. ಉತ್ತರಗಳು ಹೊರಡಲು ಬೇಕಾದ ನಿಯಮವನ್ನು ಲಿಬ್‌ವರ್ಟ್ ತಾನೇ ರಚಿಸಿ, ಅದಕ್ಕೆ ‘ಸ್ಥಾಪಿತವಾದರೆ ಮಾತ್ರ’ ಎಂಬ ಕಟ್ಟನ್ನು ಹಾಕುತ್ತದೆ. ದಿಕ್ಕಿನ ಶಿಸ್ತು ಉಳಿಯುವುದು ಇದರಿಂದಲೇ. ಹೊರಗಿನವರು 443ಕ್ಕೆ ಬರಬಹುದು. ಯಂತ್ರವು 443 ರಿಂದ ತಾನಾಗಿಯೇ ಯಾರ ಬಳಿಗೂ ಹೋಗಲಾರದು.

ಅದೇ ಲಕ್ಷಣಕ್ಕೆ ‘ಸುಳ್ಳು’ ಎಂದು ಬರೆದರೆ ಆ ಕಟ್ಟು ಕಳಚಿಹೋಗುತ್ತದೆ. ಒಳಕ್ಕೆಂದು ಬರೆದ ಒಂದು ನಿಯಮ ಹೊರಕ್ಕೂ ಬಾಗಿಲು ತೆರೆಯುತ್ತದೆ. ನಾವು ಮೇಲೆ ವಿವರಿಸಿದ, ನೆನಪಿಲ್ಲದ ಕಾವಲಿನ ಸ್ಥಿತಿಯೇ ಆ ಒಂದು ನಿಯಮದ ಮಟ್ಟಿಗೆ ಮರಳಿ ಬಂದಂತಾಯಿತು. ನಿಯಮವನ್ನು ಓದುವವನಿಗೆ ಮಾತ್ರ ದಿಕ್ಕು ‘ಒಳಕ್ಕೆ’ ಎಂದೇ ಕಾಣುತ್ತಿರುತ್ತದೆ. ಇದು ಬಹಳ ಜನರನ್ನು ಮೋಸಗೊಳಿಸುವ ಸ್ಥಳ.

ಹಾಗಾದರೆ ಇಂಥ ಗುಂಡಿಯನ್ನು ಇಟ್ಟದ್ದೇಕೆ? ನೆನಪಿಗೂ ಬೆಲೆಯುಂಟು. ಖಾತೆಯ ಪ್ರತಿ ಸಾಲೂ ಕೆಲವು ನೂರು ಬೈಟುಗಳಷ್ಟು ಸ್ಮೃತಿಯನ್ನು ಹಿಡಿಯುತ್ತದೆ, ಮತ್ತು ಸಾಲುಗಳಿಗೆ ಒಂದು ಮಿತಿಯಿದೆ. ಹೆಸರನ್ನು ಹೇಳಿದರೆ ವಿಳಾಸವನ್ನು ಹುಡುಕಿಕೊಡುವ ಡಿಎನ್‌ಎಸ್ ಯಂತ್ರವನ್ನು ತೆಗೆದುಕೊಳ್ಳಿರಿ. ಸೆಕೆಂಡಿಗೆ 2,000 ಹೊಸ ಪ್ರಶ್ನೆಗಳು ಬರುತ್ತವೆಂದು ಇಟ್ಟುಕೊಳ್ಳೋಣ. ಪ್ರಶ್ನೆಗೊಂದು ಪೊಟ್ಟಣ, ಉತ್ತರಕ್ಕೊಂದು ಪೊಟ್ಟಣ. ಕ್ಷಣದಲ್ಲಿ ಮಾತು ಮುಗಿಯಿತು. ಆದರೆ ಯುಡಿಪಿಯಲ್ಲಿ ‘ಮುಗಿಯಿತು’ ಎಂದು ಹೇಳುವ ಗುರುತಿಲ್ಲದ ಕಾರಣ ಲಿನಕ್ಸಿನ ಖಾತೆ ಆ ಸಾಲನ್ನು ರೂಢಿಯಂತೆ 30 ಸೆಕೆಂಡು ಇಟ್ಟುಕೊಳ್ಳುತ್ತದೆ. 2,000ವನ್ನು 30 ರಿಂದ ಗುಣಿಸಿದರೆ 60,000. ಖಾತೆಯ ಮಿತಿ 65,536 ಆಗಿದ್ದರೆ ಹೆಚ್ಚುಕಡಿಮೆ ತುಂಬಿಯೇ ಹೋಯಿತು. ತುಂಬಿದ ಮೇಲೆ ಲಿನಕ್ಸ್ ‘ಖಾತೆ ತುಂಬಿದೆ, ಪೊಟ್ಟಣವನ್ನು ಬಿಸಾಡುತ್ತಿದ್ದೇನೆ’ ಎಂಬ ಅರ್ಥದ ಸಾಲನ್ನು ದಿನಚರಿಯಲ್ಲಿ ಬರೆದು, ಹೊಸಬರನ್ನೆಲ್ಲ ತಿರಸ್ಕರಿಸುತ್ತದೆ. ಬಾಗಿಲಿಗೆ ಬಂದವನು ಸಾಧುವೋ ಕಳ್ಳನೋ ಎಂಬ ವಿಚಾರವೇ ಆಗ ಇಲ್ಲ.

ಟಿಸಿಪಿಯಲ್ಲಿ ಲೆಕ್ಕ ಇನ್ನೂ ವಿಚಿತ್ರ. ಸ್ಥಾಪಿತವಾದ ಮಾತೊಂದು ಸದ್ದಿಲ್ಲದೆ ನಿಂತುಹೋದರೆ ಅದರ ಸಾಲು 4,32,000 ಸೆಕೆಂಡು, ಎಂದರೆ ಐದು ದಿನ, ಖಾತೆಯಲ್ಲಿರುವುದು ರೂಢಿ. ಸೊಕ್ಕೆಯಿಂದ ಬೆಂಗಳೂರಿಗೆ 1.25 ಮಿಲಿಸೆಕೆಂಡಿನಲ್ಲಿ ಹೋದ ಕೋರಿಕೆಯ ಫೋನು ನಡುವೆಯೇ ಸತ್ತುಹೋದರೆ, ಅದರ ನೆನಪು ಐದು ದಿನ ಉಳಿದೀತು! ಮಾತು ಕ್ರಮವಾಗಿ ಮುಗಿದರೆ ಎರಡು ನಿಮಿಷಗಳಲ್ಲಿ ಸಾಲು ಅಳಿಯುತ್ತದೆ. ತೊಂದರೆ ಕೊಡುವುದು ಅರ್ಧದಲ್ಲಿ ಬಿಟ್ಟುಹೋದವರು.

ಎರಡನೆಯ ಕಾರಣ ದಾರಿಗೆ ಸಂಬಂಧಿಸಿದ್ದು. ದೊಡ್ಡ ಕೇಂದ್ರಗಳಲ್ಲಿ ಕೋರಿಕೆ ಒಂದು ದಾರಿಯಲ್ಲಿ ಬಂದು ಉತ್ತರ ಇನ್ನೊಂದು ದಾರಿಯಲ್ಲಿ ಹೋಗುವುದುಂಟು. ಒಂದು ಬಾಗಿಲ ಕಾವಲುಗಾರನು ಹೋಗುವವರನ್ನು ಮಾತ್ರ, ಇನ್ನೊಂದು ಬಾಗಿಲಿನವನು ಬರುವವರನ್ನು ಮಾತ್ರ ಕಂಡರೆ ಇಬ್ಬರ ಖಾತೆಯೂ ಅರ್ಧ; ಸರಿಯಾದ ಪೊಟ್ಟಣವೂ ‘ಸ್ಥಾಪಿತ’ವೆನಿಸುವುದಿಲ್ಲ. ಇಂಥ ಕಡೆ ಖಾತೆಯನ್ನು ನಂಬುವುದಕ್ಕಿಂತ ಎರಡು ದಿಕ್ಕಿನ ನಿಯಮಗಳನ್ನೂ ಬಿಡಿಸಿ ಬರೆಯುವುದೇ ಲೇಸು. ನಡೆಯುತ್ತಿರುವ ಅತಿಥಿ ಯಂತ್ರವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸ್ಥಳಾಂತರಿಸಿದಾಗಲೂ ಇದೇ ಬಗೆಯ ತೊಡಕು ಬರಬಹುದು: ಅತಿಥಿ ಹೋಯಿತು, ಹಳೆಯ ಕಾವಲುಗಾರನ ಖಾತೆ ಹಳೆಯ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಖಾತೆ ತುಂಬುತ್ತದೆಂದು ‘ಸ್ಟೇಟ್‌ಮ್ಯಾಚ್’ ಅನ್ನು ಸುಳ್ಳು ಮಾಡಿದರೆ ಖಾತೆ ಖಾಲಿಯಾದೀತೆ? ಆಗುವುದಿಲ್ಲ. ಖಾತೆಯನ್ನು ನೋಡದಿರುವುದು ಬೇರೆ, ಖಾತೆಯಲ್ಲಿ ಬರೆಯದಿರುವುದು ಬೇರೆ. ಆತಿಥೇಯ ಯಂತ್ರದ ಬೇರಾವುದಾದರೂ ನಿಯಮ ಸ್ಥಿತಿಯನ್ನು ಬಳಸುತ್ತಿರುವವರೆಗೆ ನೆಟ್‌ಫಿಲ್ಟರ್ ಎಲ್ಲರನ್ನೂ ಬರೆದುಕೊಳ್ಳುತ್ತಲೇ ಇರುತ್ತದೆ. ಬರೆಯುವುದನ್ನೇ ನಿಲ್ಲಿಸಬೇಕಾದರೆ, ಪೊಟ್ಟಣವು ಖಾತೆಯ ಮುಂದೆ ಬರುವುದಕ್ಕೆ ಮೊದಲೇ ‘ಇದನ್ನು ದಾಖಲಿಸಬೇಡ’ ಎಂದು ಹೇಳುವ ‘ನೋಟ್ರ್ಯಾಕ್’ ಎಂಬ ಬೇರೆ ನಿಯಮವನ್ನು ಕೊಡಬೇಕು. ಹೊರೆ ಇಳಿಸಲೆಂದು ಮೊದಲನೆಯದನ್ನು ಮಾತ್ರ ಮಾಡಿದರೆ ಹೊರೆ ಹಾಗೆಯೇ ಉಳಿದು ರಕ್ಷಣೆ ಮಾತ್ರ ಹೋದಂತಾಗುತ್ತದೆ.

ನೆನಪುಳ್ಳ ಕಾವಲುಗಾರನನ್ನೂ ಕಣ್ಣುಮುಚ್ಚಿ ನಂಬಬಾರದು. ಕೆಲಸ ಬೇಗ ಸಾಗಲೆಂದು ಫೈರ್‌ವಾಲಿನ ಮೊದಲ ಸಾಲಿನಲ್ಲಿ ‘ಸ್ಥಾಪಿತವಾದದ್ದನ್ನೆಲ್ಲ ಬಿಡು’ ಎಂದು ಬರೆಯುವುದು ವಾಡಿಕೆ. ಒಬ್ಬನು ಕಳ್ಳನೆಂದು ಗೊತ್ತಾಗಿ, ಅವನ ವಿಳಾಸವನ್ನು ತಡೆಯುವ ಹೊಸ ನಿಯಮವನ್ನು ಅದರ ಕೆಳಗೆ ಬರೆದರೆ, ಅವನ ಹೊಸ ಮಾತುಗಳು ನಿಲ್ಲುತ್ತವೆ. ಆಗಲೇ ಒಳಗೆ ನಡೆಯುತ್ತಿರುವ ಮಾತು ಮೊದಲ ಸಾಲಿನ ಬಲದಿಂದ ನಡೆದೇ ಇರುತ್ತದೆ. ಬಾಗಿಲು ಮುಚ್ಚಿದರೆ ಸಾಲದು, ಖಾತೆಯಿಂದ ಅವನ ಸಾಲನ್ನೂ ಹೊಡೆದುಹಾಕಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಪಹಣಿಯಂಥ ದಾಖಲೆಗಳ ಯಂತ್ರದಲ್ಲಿ ಈ ಲಕ್ಷಣವನ್ನು ಮುಟ್ಟದಿರುವುದೇ ಒಳ್ಳೆಯದು. ಡಿಎನ್‌ಎಸ್‌ನಂತೆ ಒಂದೇ ಕೆಲಸ ಮಾಡುವ, ಕಳವಾಗಲು ಒಳಗೆ ಹೆಚ್ಚೇನೂ ಇಲ್ಲದ, ಸಂದಣಿ ಮಾತ್ರ ಅಪಾರವಾಗಿರುವ ಯಂತ್ರದಲ್ಲಿ ಒಂದೆರಡು ನಿಯಮಗಳಿಗೆ ಮಾತ್ರ ನೆನಪನ್ನು ತೆಗೆಯಬಹುದು. ಅಮೆಜಾನಿನ ಮೋಡಸೇವೆಯಲ್ಲಿಯೂ ಈ ಎರಡು ಜಾತಿಗಳನ್ನು ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ: ಯಂತ್ರದ ಬಾಗಿಲಲ್ಲಿರುವ ‘ಸೆಕ್ಯೂರಿಟಿ ಗ್ರೂಪ್’ ನೆನಪುಳ್ಳದ್ದು, ಉಪಜಾಲದ ಅಂಚಿನಲ್ಲಿರುವ ‘ನೆಟ್‌ವರ್ಕ್ ಎಸಿಎಲ್’ ನೆನಪಿಲ್ಲದ್ದು. ಎರಡನೆಯದರಲ್ಲಿ ಉತ್ತರಗಳಿಗಾಗಿ 1024 ರಿಂದ 65,535ರ ವರೆಗಿನ ಬಾಗಿಲುಗಳನ್ನು ತೆರೆಯುವುದನ್ನು ಮರೆತು, ‘ಏಕೆ ಕೆಲಸ ಮಾಡುತ್ತಿಲ್ಲ’ ಎಂದು ತಲೆ ಕೆರೆದುಕೊಳ್ಳದ ಹೊಸಬರು ವಿರಳ.

ಲಿನಕ್ಸ್ ಇರುವ ಒಂದು ಕಂಪ್ಯೂಟರು ಕಾಲೇಜಿನಲ್ಲಿದ್ದರೆ ಇದನ್ನೆಲ್ಲ ಪ್ರಯೋಗದಿಂದಲೇ ನೋಡಬಹುದು. ಕೆವಿಎಂ ಮತ್ತು ಲಿಬ್‌ವರ್ಟ್ ಬಳಸಿ ‘ಅ’, ‘ಆ’ ಎಂಬ ಎರಡು ಅತಿಥಿ ಯಂತ್ರಗಳನ್ನು ಒಂದೇ ಸೇತುವೆಜಾಲದಲ್ಲಿ ನಡೆಸಿರಿ. ‘ಅ’ ಯಂತ್ರಕ್ಕೆ ಎರಡು ನಿಯಮಗಳನ್ನು ಹಾಕಿರಿ: ಟಿಸಿಪಿ 5050ಕ್ಕೆ ಒಳಗೆ ಬಿಡು, ಮಿಕ್ಕುದನ್ನೆಲ್ಲ ಎರಡು ದಿಕ್ಕಿನಲ್ಲೂ ತಡೆ. ಸೇತುವೆಯ ಪೊಟ್ಟಣಗಳು ಐಪಿಟೇಬಲ್ಸಿನ ಮುಂದೆ ಹಾದುಹೋಗುವಂತೆ ಆತಿಥೇಯ ಯಂತ್ರದಲ್ಲಿ ‘ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್’ ಎಂಬ ಬೆಲೆ 1 ಆಗಿರಬೇಕು. 0 ಆಗಿದ್ದರೆ ಈ ನಿಯಮಗಳು ಇದ್ದೂ ಇಲ್ಲದಂತೆ. ಈಗ ‘ಅ’ ಯಂತ್ರದ 5050ರಲ್ಲಿ ‘ನೆಟ್‌ಕ್ಯಾಟ್’ ಎಂಬ ಸಣ್ಣ ಸಲಕರಣೆಯನ್ನು ಕಾಯಲು ಕೂರಿಸಿ ‘ಆ’ಯಿಂದ ಮಾತನಾಡಿಸಿರಿ. ಎರಡೂ ಕಡೆಯ ಮಾತು ಸರಾಗವಾಗಿ ನಡೆಯುತ್ತದೆ. ಅದನ್ನು ಮುಗಿಸಿ ಎರಡು ನಿಮಿಷ ತಾಳಿರಿ. ಆಮೇಲೆ ‘ಆ’ ಯಂತ್ರವನ್ನು ಬೇರೊಂದು ಪೋರ್ಟಿನಲ್ಲಿ ಕಾಯಲು ಕೂರಿಸಿ, ‘ಅ’ ಯಂತ್ರವೇ ತನ್ನ 5050 ರಿಂದ ಹೊರಟು ಅದನ್ನು ಕರೆಯುವಂತೆ ಮಾಡಿರಿ. ಕರೆ ಮುಟ್ಟುವುದಿಲ್ಲ, ಮೊದಲ ‘ಸಿನ್’ ಪೊಟ್ಟಣವೇ ಬಾಗಿಲಲ್ಲಿ ಬಿದ್ದುಹೋಗುತ್ತದೆ.

ಇನ್ನು ಮೊದಲ ನಿಯಮದಲ್ಲಿ ‘ಸ್ಟೇಟ್‌ಮ್ಯಾಚ್’ ಅನ್ನು ಸುಳ್ಳೆಂದು ಬರೆದು, ಬೇರೇನನ್ನೂ ಬದಲಿಸದೆ ಅದೇ ಕರೆಯನ್ನು ಮತ್ತೆ ಮಾಡಿರಿ. ಈ ಸಲ ‘ಆ’ ಯಂತ್ರ ಉತ್ತರ ಕೊಡುತ್ತದೆ. ಅದೇ ಹೊತ್ತಿನಲ್ಲಿ ಆತಿಥೇಯ ಯಂತ್ರದಲ್ಲಿ ‘ಕನ್‌ಟ್ರ್ಯಾಕ್’ ಎಂಬ ಆಜ್ಞೆಯಿಂದ ಖಾತೆಯನ್ನು ತೆರೆದು ನೋಡಿದರೆ, ತಡೆಯಬಹುದಾಗಿದ್ದ ಆ ಮಾತು ಅಲ್ಲಿ ಎರಡು ವಿಳಾಸ, ಎರಡು ಪೋರ್ಟುಗಳೊಡನೆ ಒಪ್ಪವಾಗಿ ದಾಖಲಾಗಿರುವುದು ಕಾಣುತ್ತದೆ. ಅದರ ಪಕ್ಕದಲ್ಲಿ 4,32,000 ರಿಂದ ಒಂದೊಂದಾಗಿ ಇಳಿಯುತ್ತಿರುವ ಸೆಕೆಂಡುಗಳೂ ಕಾಣುತ್ತವೆ.